ಬೆಳ್ಳಿ ಬಂಡಿಯ ಒಳಗೆ ಹೊಸ ಬೆಳಕು

ಅಡುಗೆಮನೆಯಿಲ್ಲದ ಕಡೆ ಬಿಡಾರ ಹೂಡಲು ವಾಲಿ ಬೈಯಮ್ ಅವರ ಪತ್ನಿ ಒಪ್ಪಲಿಲ್ಲ. ಬೈಯಮ್ ಅವರಿಗೆ ಗಾಲಿ ಮೇಲಿನ ಬದುಕು ಹೊಸದಲ್ಲ. ಹುಡುಗನಾಗಿದ್ದಾಗ ಕುರಿ ಕಾಯುತ್ತ, ಸೀಮೆಎಣ್ಣೆ ಒಲೆ, ನೀರಿನ ಬಕೆಟ್ಟು ಇದ್ದ ಬಂಡಿಯಲ್ಲೇ ಮಲಗಿ ಎದ್ದವರು. ಫೋರ್ಡ್ ಮಾಡೆಲ್ ಟಿ ಕಾರಿನ ಚಾಸಿ ತಂದು ಅದರ ಮೇಲೆ ಗೂಡು ಕಟ್ಟಿದರು. 1931ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅವರ ಟ್ರೇಲರ್ ಕಂಪನಿ ಏರ್‌ಸ್ಟ್ರೀಮ್ ಶುರುವಾಯಿತು.

ಅದರ 1936ರ ಕ್ಲಿಪ್ಪರ್ ಮಾದರಿಯೆಂದರೆ, ವಿಮಾನದಂತೆ ರಿವೆಟ್ ಹೊಡೆದ ಅಲ್ಯೂಮಿನಿಯಂ ಮನೆ. ಆ ರೂಪದ ಹಿಂದೆ ಹಾಲಿ ಬೌಲಸ್ ಎಂಬ ವಿಮಾನ ತಜ್ಞರ ರೋಡ್ ಚೀಫ್ ಬಂಡಿಯಿತ್ತು ಎಂಬುದನ್ನು ಮರೆಯಬಾರದು. ಬೆಲೆ 1,200 ಡಾಲರ್. ನಾಲ್ವರಿಗೆ ಹಾಸಿಗೆ, ನೀರಿನ ಟ್ಯಾಂಕು, ವಿದ್ಯುತ್ ದೀಪ. ಒಣ ಮಂಜುಗಡ್ಡೆ ಇಟ್ಟು ತಂಪು ಮಾಡುವ ವ್ಯವಸ್ಥೆಯೂ ಇತ್ತು. 1957ರ ಇಂಟರ್‌ನ್ಯಾಷನಲ್ ಮಾದರಿಗೆ ಹೊರಗಿನಿಂದ ನೀರು, ಕರೆಂಟು ಎಳೆಯುವ ಅಗತ್ಯವೇ ಬೀಳಲಿಲ್ಲ. ಹಾಗಾಗಿ ಹಳೆಯ ಟ್ರೇಲರ್‌ಗೆ ಇಂದು ಸೌರಫಲಕ ಕೂರಿಸುವವರು ಅದರ ಜಾತಿ ಕೆಡಿಸುತ್ತಿಲ್ಲ. ಅದು ಹುಟ್ಟಿದ್ದೇ ಸೌಕರ್ಯಕ್ಕಾಗಿ.

ಆದರೆ ಹಳೆಯ ಟ್ರೇಲರ್ ಹೊಸದಾಗಿಸುವ ಕೆಲಸ ಮೇಲಿನಿಂದ ಶುರುವಾಗುವುದಿಲ್ಲ, ನೆಲದಿಂದ.

ಕಿಟಕಿ, ಕೀಲುಗಳ ಸಂದಿಯಲ್ಲಿ ಸೋರಿದ ನೀರು ಗೋಡೆಯ ಒಳ, ಹೊರ ತಗಡುಗಳ ನಡುವೆ ಇಳಿದು ಅಂಚಿನ ಪ್ಲೈವುಡ್ಡನ್ನು ವರ್ಷಗಟ್ಟಲೆ ಕೊಳೆಸಿರುತ್ತದೆ. ನೆಲಹಾಸು ಎತ್ತಿದಾಗಲೇ ಗೊತ್ತಾಗುವುದು. ಕೊಳೆತ ತೀವ್ರವಾಗಿದ್ದರೆ ಇಡೀ ಮೇಲ್ಕವಚವನ್ನೇ ಚಾಸಿಯಿಂದ ಮೇಲೆತ್ತಬೇಕು. ಮತ್ತೆ ಕೂರಿಸುವಾಗ ರಿವೆಟ್‌ಗೆ ಎರಡು ಜೊತೆ ಕೈ ಬೇಕು: ಹೊರಗೊಬ್ಬರು ಗನ್ ಹಿಡಿದು ಬಡಿಯುತ್ತಾರೆ, ಒಳಗೊಬ್ಬರು ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತಾರೆ. ಒಬ್ಬರ ಕೈ ಜಾರಿದರೂ ತಗಡು ತಗ್ಗಾಗುತ್ತದೆ.

ಇಷ್ಟಾದ ಮೇಲೆ ವಿದ್ಯುತ್ತಿನ ಮಾತು. ಸುಮಾರು 18 ವ್ಯಾಟ್ ತಿನ್ನುತ್ತಿದ್ದ ಹಳೆಯ ಬಲ್ಬಿನ ಜಾಗದಲ್ಲಿ 3 ವ್ಯಾಟ್‌ನ ಎಲ್‌ಇಡಿ ಸಾಕು. ಎಲ್ಲಕ್ಕಿಂತ ಅಗ್ಗದ, ಜಾಣ ಬದಲಾವಣೆ ಇದೇ. 100 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ 28 ಕಿಲೋ ತೂಗಿದರೆ, ಲಿಥಿಯಂ ಸುಮಾರು 12 ಕಿಲೋ. ಅದನ್ನು ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜ್ ಮಾಡುವಂತಿಲ್ಲ. ಮುಂದಿನ ಕೊಕ್ಕೆಯ ಮೇಲಿದ್ದ ಬ್ಯಾಟರಿ ಪೆಟ್ಟಿಗೆ ಹೀಗಾಗಿ ಮಂಚದ ಕೆಳಗೆ ಬರುತ್ತದೆ. ಆಗ ತೂಕದ ಲೆಕ್ಕವೂ ಬದಲಾಗುತ್ತದೆ: ಒಟ್ಟು ಭಾರದಲ್ಲಿ ಶೇ 10ರಿಂದ 15ರಷ್ಟು ಕೊಕ್ಕೆಯ ಮೇಲಿರದಿದ್ದರೆ ಹೆದ್ದಾರಿಯಲ್ಲಿ ಟ್ರೇಲರ್ ಹಾವಿನಂತೆ ತೊನೆಯುತ್ತದೆ.

ಮೊಬೈಲ್ ಸಿಗ್ನಲ್ಲಿಗೂ ಅಲ್ಯೂಮಿನಿಯಂ ಗೋಡೆ ಅಡ್ಡ. ಆಂಟೆನಾ ಹೊರಗೇ ಬೇಕು. ಅದಕ್ಕಾಗಿ ಚಾವಣಿಯಲ್ಲಿ ಕೊರೆವ ತೂತು ನಾಳೆ ಮತ್ತೆ ನೆಲ ಕೊಳೆಸಬಹುದಾದ ದಾರಿ. ಅನುಭವಿಗಳು ಹಳೆಯ ಗಾಳಿಕಿಂಡಿಯ ಮೂಲಕವೇ ಕೇಬಲ್ ಇಳಿಸಲು ನೋಡುತ್ತಾರೆ. ತಗಡಿನ ಅಂಚಿಗೆ ಉಜ್ಜಿ ತಂತಿಯ ಹೊದಿಕೆ ಹರಿಯದಂತೆ ಪ್ರತಿ ಕಿಂಡಿಗೂ ರಬ್ಬರ್ ಉಂಗುರ ತೊಡಿಸುತ್ತಾರೆ. ಕೊನೆಗೆ, ಒಳತಗಡು ಮುಚ್ಚುವ ಮುನ್ನ, ಯಾವ ತಂತಿ ಎಲ್ಲಿ ಹಾದಿದೆಯೆಂದು ಅಡಿಗೋಲು ಪಕ್ಕದಲ್ಲಿಟ್ಟು ಗೋಡೆಗೋಡೆಯ ಫೋಟೊ ತೆಗೆದಿಡುತ್ತಾರೆ.