ಕಾರ್ಪೆಟ್ ಕೊಳ್ಳುವ ಮುನ್ನ ಮಗುಚಿ ನೋಡಿ

ವೈಟ್‌ಫೀಲ್ಡ್‌ನ ಫ್ಲ್ಯಾಟಿಗೆ ಬಂದ ಹೊಸತು. ‘ಟರ್ಕಿಯ ಹಳೇ ಕಾರ್ಪೆಟ್ ಮೇಡಂ, ಕೈಯಲ್ಲೇ ಗಂಟು ಹಾಕಿದ್ದು’ ಎಂದು ಅಂಗಡಿಯವನು ಅಂದಿದ್ದೇ ತಡ, ಹಬ್ಬಕ್ಕೆಂದು ಕೂಡಿಟ್ಟ ಹಣವನ್ನೆಲ್ಲ ಸುರಿದು ತಂದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಿಂಬದಿಯ ಅಂಟು ಪುಡಿಪುಡಿಯಾಗಿ ಉದುರತೊಡಗಿತು! ನಮ್ಮನೆಯವರು ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ನೀವು ಹೀಗೆ ಮೋಸ ಹೋಗಬೇಡಿ. ಮೊದಲು ಕಾರ್ಪೆಟ್ಟನ್ನು ಮಗುಚಿ ನೋಡಿ. ಕೈಗಂಟಿನದಾದರೆ ಹಿಂಬದಿಯಲ್ಲೂ ಅದೇ ಚಿತ್ತಾರ ಕಾಣುತ್ತದೆ, ಸಾಲುಗಳು ಅಲ್ಲಲ್ಲಿ ತುಸು ಸೊಟ್ಟಗಿರುತ್ತವೆ. ಟರ್ಕಿ ಗಂಟಿನಲ್ಲಿ ಉಣ್ಣೆಯ ಎಳೆಯನ್ನು ಹಾಸಿನ ಎರಡು ನೂಲಿಗೆ ಸುತ್ತಿ, ತುದಿಗಳನ್ನು ನಡುವಿನಿಂದ ಮೇಲೆಳೆಯುತ್ತಾರೆ. ಅಂಚಿನ ಕುಚ್ಚು ಆ ಹಾಸಿನ ನೂಲಿನದೇ ತುದಿ. ಬೇರೆ ತಂದು ಹೊಲಿದಿದ್ದರೆ ಅನುಮಾನಿಸಿ. ಹಿಂಬದಿಗೆ ಬಟ್ಟೆ ಅಂಟಿಸಿ ಮುಚ್ಚಿದ್ದರಂತೂ ಬೇಡವೇ ಬೇಡ. ಅಂಗಡಿಯವನನ್ನು ಕೇಳಿ ಒಂದೆಳೆ ತಂದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಕರಗಿ ಗಟ್ಟಿ ಉಂಡೆಯಾದರೆ ಪ್ಲಾಸ್ಟಿಕ್ ನೂಲು.

ಅಷ್ಟಕ್ಕೂ ಟರ್ಕಿಯದೇ ಆಗಬೇಕೆ? ಮೈಸೂರು ಜಿಲ್ಲೆಯ ಬೈಲಕುಪ್ಪೆಯ ಟಿಬೆಟಿಯನ್ನರು ಉಣ್ಣೆಯ ಕೈಗಂಟಿನ ಕಾರ್ಪೆಟ್ಟಿಗೆ ಹೆಸರಾದವರು.

ತಂದ ಮೇಲೆ ತಿಂಗಳಿಗೊಮ್ಮೆ ಸೋಫಾದಡಿಯ ಭಾಗವನ್ನೂ ಎತ್ತಿ ಗುಡಿಸಿ. ನುಸಿ ಹುಳು ಸೇರುವುದು ಆ ಕತ್ತಲಲ್ಲೇ. ಎತ್ತಿಡುವಾಗ ಮಡಚಬೇಡಿ, ಸುರುಳಿ ಸುತ್ತಿ. ನನ್ನ ‘ಟರ್ಕಿ’ಯೇ? ಬಾಲ್ಕನಿಯಲ್ಲಿದೆ, ಮಗನ ಸೈಕಲ್ಲಿನಡಿ.