ಸಿಗ್ನಲ್ ಕಣ್ಣಿಗೆ ಬೀಳದ ಬೈಕು

ಛತ್ರಪತಿ ಸಂಭಾಜಿನಗರದ ಮಗ್ಗುಲಲ್ಲೇ ಇರುವ ವಾಳೂಜ್‌ನಲ್ಲಿ ಬಜಾಜ್ ಕಾರ್ಖಾನೆ 1985ರಲ್ಲಿ ಶುರುವಾಯಿತು. ಇದು ಬೈಕು ತಯಾರಿಸುವ ಊರು. ಅತ್ತ ನಾಸಿಕ್‌ನ ಸಾತ್ಪುರ, ಅಂಬಡ್ ಕಾರ್ಖಾನೆಗಳಿಗೂ ಜನ ಬೈಕಿನಲ್ಲೇ ಹೋಗಿಬರುತ್ತಾರೆ. ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದ ನಮ್ಮಂಥ ಕನ್ನಡಿಗರದೂ ಅದೇ ಸವಾರಿ. ಸಿಗ್ನಲ್ ನಮ್ಮಲ್ಲಿ ‘ಬಿಡುತ್ತದೆ’, ಮರಾಠಿಯಲ್ಲಿ ‘ಸುಟತೋ’. ರಾತ್ರಿ ಪಾಳಿ ಮುಗಿಸಿ ಬರುವಾಗ ಖಾಲಿ ಚೌಕದಲ್ಲಿ ಅದು ಬಿಡದೇ ಇದ್ದರೆ?

ಮೊದಲು ಸಿಗ್ನಲ್‌ನ ಜಾತಿ ತಿಳಿಯಬೇಕು. ನಮ್ಮ ದೇಶದಲ್ಲಿ ಹೆಚ್ಚಿನವು ಟೈಮರ್ ಮೇಲೆ ನಡೆಯುತ್ತವೆ. ಯಾರಿದ್ದರೂ ಇಲ್ಲದಿದ್ದರೂ ಸರದಿ ಬಂದಾಗ ಹಸಿರು ಬರುತ್ತದೆ. ಅಲ್ಲಿ ತಾಳ್ಮೆಯೊಂದೇ ಮದ್ದು. ಎರಡನೆಯದು ವಾಹನವನ್ನು ಗುರುತಿಸಿ ಹಸಿರು ಕೊಡುವಂಥದ್ದು. ಬೆಂಗಳೂರಿನ ಅನೇಕ ಸರ್ಕಲ್‌ಗಳಲ್ಲಿ ಈಗ ಇಂಥವು ಬಂದಿವೆ. ಬೈಕಿನವರ ತಾಪತ್ರಯ ಇರುವುದು ಇಲ್ಲಿಯೇ.

ಕೆಲವು ಕಡೆ ಡಾಂಬರಿನಡಿ ತಂತಿಯ ಸುರುಳಿ ಹೂತಿರುತ್ತಾರೆ. ಅದು ತೂಕ ನೋಡುವುದಿಲ್ಲ, ಮೇಲೆ ಬಂದು ನಿಂತ ಲೋಹವನ್ನು ನೋಡುತ್ತದೆ. ಕಾರಿನ ಅಗಲವಾದ ತಳ ತಕ್ಷಣ ಸಿಗುತ್ತದೆ, ಬೈಕಿನದು ಕಡಿಮೆ. ಎಂಜಿನ್ ಕೆಳಗೆ ಅಯಸ್ಕಾಂತ ಅಂಟಿಸಿದರೆ ಪ್ರಯೋಜನವಿಲ್ಲ. ರಸ್ತೆ ಕೊಯ್ದ ಗೆರೆ ಕಂಡರೆ, ಸುರುಳಿಯ ನಟ್ಟನಡುವೆ ನಿಲ್ಲದೆ ಆ ಗೆರೆಯ ಮೇಲೇ ಎರಡೂ ಚಕ್ರ ಬರುವಂತೆ ನಿಲ್ಲಿ. ರಸ್ತೆ ಅಗೆದಾಗ ತಂತಿ ತುಂಡಾದರೆ ಮಾತ್ರ ಯಾರು ನಿಂತರೂ ಅಷ್ಟೇ. 2026–27ರ ಸಿಂಹಸ್ಥ ಕುಂಭಮೇಳಕ್ಕೆ ಸಜ್ಜಾಗುತ್ತಿರುವ ನಾಸಿಕ್‌ನಂಥ ಊರಿಗೆ ಇದು ನೆನಪಿರಬೇಕಾದ ಮಾತು.

ಕ್ಯಾಮೆರಾ ಇರುವಲ್ಲಿ ತೊಡಕು ಬೇರೆ. ಅದು ಸಾಮಾನ್ಯವಾಗಿ ಸ್ಟಾಪ್ ಲೈನ್‌ನ ಹಿಂದಿನ ಜಾಗವನ್ನು ಗಮನಿಸುತ್ತದೆ. ನಾವೋ ಸಂದಿಯಲ್ಲಿ ನುಸುಳಿ ಜೀಬ್ರಾ ಪಟ್ಟಿಯ ಮೇಲೆ ಹೋಗಿ ನಿಲ್ಲುತ್ತೇವೆ. ಮುಂದೆ ನಿಂತಷ್ಟೂ ಬೇಗ ಹೋಗಬಹುದು ಎಂಬುದು ನಮ್ಮ ಲೆಕ್ಕ. ಕ್ಯಾಮೆರಾ ಲೆಕ್ಕದಲ್ಲಿ ಅಲ್ಲಿ ಯಾರೂ ಇಲ್ಲ!

ಹಾಗಂತ ಕೆಂಪು ದೀಪ ಹಾರಿಸಬೇಡಿ. ಅಮೆರಿಕದ ವರ್ಜೀನಿಯಾದಲ್ಲಿ ಎರಡು ಸುತ್ತು ಅಥವಾ ಎರಡು ನಿಮಿಷ ಕಾದ ಬೈಕ್ ಸವಾರ ಎಚ್ಚರಿಕೆಯಿಂದ ದಾಟಬಹುದು. ನಮ್ಮ ಕಾನೂನಿನಲ್ಲಿ ಆ ಸವಲತ್ತಿಲ್ಲ. 2019ರ ತಿದ್ದುಪಡಿಯ ನಂತರ ಸಿಗ್ನಲ್ ಜಿಗಿತ ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿದೆ. ದಂಡ ಹೋಗಲಿ, ಖಾಲಿ ರಸ್ತೆಯಲ್ಲಿ ಹಸಿರು ಕಂಡು ವೇಗವಾಗಿ ಬರುವ ಲಾರಿ ನಮ್ಮನ್ನು ನಿರೀಕ್ಷಿಸಿರುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1.68 ಲಕ್ಷ ಜನರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ಸವಾರರು. ಎಡಕ್ಕೆ ಹೋಗಲು ಅನುಮತಿ ಇದ್ದರೆ ಹಾಗೇ ಹೋಗಿ, ಮುಂದೆ ಯೂ ಟರ್ನ್ ಮಾಡಿ ಬನ್ನಿ.

ಆಮೇಲೆ ಸಂಚಾರ ಪೊಲೀಸರಿಗೆ ತಿಳಿಸಿ. ‘ಸಿಗ್ನಲ್ ಕೆಟ್ಟಿದೆ’ ಎಂದಷ್ಟೇ ಬರೆದರೆ ಯಾರೋ ಬಂದು ನೋಡಿ, ಎಲ್ಲ ಸರಿಯಿದೆ ಎಂದು ಹೋಗುತ್ತಾರೆ. ಚೌಕ ಯಾವುದು, ಯಾವ ದಿಕ್ಕು, ಎಷ್ಟು ಹೊತ್ತು ಕಾದಿರಿ ಎಂದು ಬರೆಯಿರಿ. ‘ಬೈಕು ಒಂದೇ ಇದ್ದಾಗ ಬಿಡಲಿಲ್ಲ, ಹಿಂದೆ ಕಾರು ಬಂದ ಕೂಡಲೇ ಬಿಟ್ಟಿತು’ ಎಂಬ ಒಂದು ಸಾಲು ಇದ್ದರೆ ದೋಷ ಎಲ್ಲಿದೆಯೆಂದು ತಂತ್ರಜ್ಞರಿಗೆ ಗೊತ್ತಾಗುತ್ತದೆ. ಸುರುಳಿಯ ಸೂಕ್ಷ್ಮತೆಯನ್ನೂ ಕ್ಯಾಮೆರಾ ನೋಡುವ ಜಾಗವನ್ನೂ ತಿದ್ದಬಹುದು.

ಹೊಸ ಸಿಗ್ನಲ್ ಹಾಕಿದಾಗ ಪಾಲಿಕೆಯವರು ಮಾಡಬೇಕಾದ ಪರೀಕ್ಷೆಯೂ ಸಣ್ಣದು. ನಡುರಾತ್ರಿ ಒಂದೇ ಒಂದು ಬೈಕು ತಂದು ನಿಲ್ಲಿಸಿ, ಬಿಡುತ್ತದೋ ಇಲ್ಲವೋ ನೋಡಲಿ. ಬೈಕು ತಯಾರಿಸುವ ಊರಿನಲ್ಲಿ ಒಂದು ಬೈಕು ಹುಡುಕುವುದು ಕಷ್ಟವೇನಲ್ಲ.