ಚಿಗರಿ ನೋಡಲು ಎಂಥ ದುರ್ಬೀನು?

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಅಂಚಿನಲ್ಲಿ ದುರ್ಬೀನು ಹಿಡಿದು ನಿಂತರೆ ಸ್ವಲ್ಪ ಹೊತ್ತಿಗೆ ಯಾರಾದರೂ ಹತ್ತಿರ ಬಂದೇ ಬರುತ್ತಾರೆ. ಅವರ ಮೊದಲ ಪ್ರಶ್ನೆ ಒಂದೇ: “ಸರ, ಇದ್ರಾಗ ಎಷ್ಟ್ ಕಿಲೋಮೀಟರ್ ಕಾಣತೈತ್ರಿ?” ಕುರಿ ಕಾಯುವವರು ಕೇಳಿದ್ದಾರೆ, ಗೋವಿನಜೋಳದ ಹೊಲಕ್ಕೆ ಹೊರಟವರು ಕೇಳಿದ್ದಾರೆ, ಮಕ್ಕಳನ್ನು ಕರೆತಂದ ಮಾಸ್ತರರೂ ಕೇಳಿದ್ದಾರೆ. ಚಂದ್ರ ನಮ್ಮಿಂದ ಸುಮಾರು 3,84,000 ಕಿಲೋಮೀಟರ್ ದೂರದಲ್ಲಿದ್ದಾನೆ, ಅವನು ಬರಿಗಣ್ಣಿಗೇ ಕಾಣುತ್ತಾನಲ್ಲ ಎಂದು ನಾನು ತಿರುಗಿ ಕೇಳುತ್ತೇನೆ. ದೂರ ದುರ್ಬೀನಿನ ಗುಣವಲ್ಲ. ನೋಡುವ ವಸ್ತು ಎಷ್ಟು ದೊಡ್ಡದಾಗಿ, ಎಷ್ಟು ಬೆಳಕಾಗಿ, ಎಷ್ಟು ಅಲುಗದೆ ಕಾಣುತ್ತದೆ ಎಂಬುದೇ ಅದರ ಗುಣ. ಅಂಗಡಿಯಲ್ಲಿ ನಾವು ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ ವಿಚಾರಿಸಿ ದುಡ್ಡು ಕೊಟ್ಟು ಬರುತ್ತೇವೆ.

ದುರ್ಬೀನಿನ ಮೈಮೇಲೆ 8×42 ಎಂದೋ 10×50 ಎಂದೋ ಬರೆದಿರುತ್ತದೆ. ಮೊದಲ ಅಂಕಿ ಹಿಗ್ಗಿಸುವ ಪಟ್ಟು. ಎಂಟು ಪಟ್ಟು ಎಂದರೆ 400 ಮೀಟರ್ ಆಚೆಯ ಚಿಗರಿ 50 ಮೀಟರಿನಲ್ಲಿ ನಿಂತಂತೆ ಕಾಣುತ್ತದೆ. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಒಳಗೆ ಪ್ರಿಸಂಗಳಿರುತ್ತವೆ. ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವುದು ಅವುಗಳ ಕೆಲಸ. ಇಟಲಿಯ ಇಗ್ನಾಜಿಯೋ ಪೊರೊ 1854ರಲ್ಲಿ ಪೇಟೆಂಟ್ ಪಡೆದ ಜೋಡಣೆಯೇ ಇಂದಿಗೂ ಅಗಲ ಭುಜದ ದುರ್ಬೀನುಗಳಲ್ಲಿದೆ. ನೆಟ್ಟಗೆ ಕೊಳವೆಯಂತಿರುವವುಗಳಲ್ಲಿ ಬೇರೆ ಬಗೆಯ ಪ್ರಿಸಂ. ಒಂದೇ ಬೆಲೆಗೆ ಎರಡೂ ಸಿಗುವುದಾದರೆ, ಕಡಿಮೆ ದುಡ್ಡಿನವರು ಪೊರೊ ಜೋಡಣೆಯದನ್ನೇ ಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ಅದನ್ನು ಚೆನ್ನಾಗಿ ತಯಾರಿಸುವುದು ಸುಲಭ. ಅದೇ ಬೆಲೆಯ ನೆಟ್ಟಗಿನ ದುರ್ಬೀನಿನಲ್ಲಿ ಎಲ್ಲೋ ಒಂದು ಕಡೆ ಉಳಿತಾಯ ಮಾಡಿರುತ್ತಾರೆ.

ಇಷ್ಟು ತಿಳಿದವರು ಇಪ್ಪತ್ತು ಪಟ್ಟಿನದು ಎಂಟು ಪಟ್ಟಿನದಕ್ಕಿಂತ ಮೇಲು ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡು ಮೊದಲ ಸಲ 20×50 ಕೊಂಡು ತಂದಿದ್ದೆ. ಒಂದು ಸಂಜೆ ನೀಲಗಿರಿ ತೋಪಿನ ಅಂಚಿಗೆ ಚಿಗರಿಯ ಹಿಂಡು ಬಂತು. ಬರಿಗಣ್ಣಿಗೆ ಕಾಣುತ್ತಿದ್ದ ಕಪ್ಪು ಬೆನ್ನಿನ ಗಂಡು ನನ್ನ ದುರ್ಬೀನಿನಲ್ಲಿ ಬೂದಿಯ ಗುಡ್ಡೆಯಂತೆ ಕಂಡಿತು. ಪಕ್ಕದಲ್ಲಿದ್ದ ಹಿರಿಯರು ತಮ್ಮ 8×42 ಕೈಗೆ ಕೊಟ್ಟರು. ಅದರಲ್ಲಿ ಗಂಡಿನ ಕೋಡಿನ ಸುರುಳಿಗಳನ್ನು ಎಣಿಸಬಹುದಿತ್ತು, ಕಣ್ಣಿನ ಸುತ್ತಲಿನ ಬಿಳಿ ಬಳೆ ಕಾಣುತ್ತಿತ್ತು. ಹೆಚ್ಚು ಹಿಗ್ಗಿಸುವ ದುರ್ಬೀನಿಗೆ ಕಾಣದ್ದು ಕಡಿಮೆ ಹಿಗ್ಗಿಸುವುದಕ್ಕೆ ಹೇಗೆ ಕಂಡಿತು? ಈ ವಿದ್ಯೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಯಾವುದಾದರೂ ದುರ್ಬೀನನ್ನು ಕಣ್ಣಿಗೆ ಹಚ್ಚದೆ, ತೋಳಿನಷ್ಟು ದೂರ ಹಿಡಿದು, ಆಕಾಶದ ಕಡೆ ತಿರುಗಿಸಿ (ಸೂರ್ಯನ ಕಡೆ ಎಂದಿಗೂ ಬೇಡ, ಕಣ್ಣು ಹೋಗುತ್ತದೆ). ಕಣ್ಣಿಡುವ ಗಾಜಿನ ನಡುವೆ ಬೆಳಕಿನ ಒಂದು ಪುಟ್ಟ ಬಿಲ್ಲೆ ಕಾಣುತ್ತದೆ. ಮುಂದಿನ ಗಾಜು ಹಿಡಿದ ಬೆಳಕೆಲ್ಲ ಹೊರಗೆ ಬರುವ ಬಾಗಿಲು ಅದು. ಅದರ ಅಳತೆ ತಿಳಿಯುವುದಕ್ಕೆ ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಆಯಿತು. 8×42ರಲ್ಲಿ ಐದೂಕಾಲು ಮಿಲಿಮೀಟರ್, 20×50ರಲ್ಲಿ ಎರಡೂವರೆ.

ಇನ್ನು ನಮ್ಮ ಕಣ್ಣು. ನಡುಹಗಲಿನಲ್ಲಿ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ. ಆಗ ಎರಡೂವರೆ ಮಿಲಿಮೀಟರಿನ ಬಿಲ್ಲೆ ಸಾಕು, ಐದೂಕಾಲು ಮಿಲಿಮೀಟರಿನ ಬಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕು ಪಾಪೆಯ ಹೊರಗೇ ಬೀಳುತ್ತದೆ. ಅಂಗಡಿಯವನು ಮಧ್ಯಾಹ್ನದ ಬಿಸಿಲಲ್ಲಿ ಎರಡನ್ನೂ ತೋರಿಸಿದರೆ ವ್ಯತ್ಯಾಸ ಗೊತ್ತಾಗದಿರುವುದು ಇದಕ್ಕೇ. ಸಂಜೆಯಾದಂತೆ ಪಾಪೆ ಅರಳುತ್ತದೆ: ಐದು ಮಿಲಿಮೀಟರ್, ಎಳೆಯರಲ್ಲಿ ಏಳರವರೆಗೂ. ಆಗ ಸಣ್ಣ ಬಿಲ್ಲೆಯ ದುರ್ಬೀನು ಅರಳಿದ ಕಣ್ಣಿಗೆ ಬೇಕಾದಷ್ಟು ಬೆಳಕು ಕೊಡಲಾರದು. ಲೆಕ್ಕ ಬೇಕಾದವರು ಬಿಲ್ಲೆಗಳ ವಿಸ್ತೀರ್ಣ ಹೋಲಿಸಿ ನೋಡಿ: ಮಬ್ಬುಗತ್ತಲಲ್ಲಿ 8×42ರ ಚಿತ್ರ 20×50ರದಕ್ಕಿಂತ ಸುಮಾರು ನಾಲ್ಕು ಪಟ್ಟು ಬೆಳಗಿರುತ್ತದೆ. ಚಿಗರಿ ಮೇಯಲು ಬಯಲಿಗೆ ಬರುವುದು ಹೆಚ್ಚಾಗಿ ಬೆಳಗ್ಗೆ, ಸಂಜೆ. ನನ್ನ ದೊಡ್ಡ ಅಂಕಿಯ ದುರ್ಬೀನು ಕೈಕೊಟ್ಟದ್ದೂ ಅದೇ ಹೊತ್ತಿನಲ್ಲಿ. ವಯಸ್ಸಾದಂತೆ ಪಾಪೆ ಅರಳುವುದು ಕಡಿಮೆಯಾಗುತ್ತದೆ. ಅರವತ್ತು ದಾಟಿದವರಿಗೆ ನಾಲ್ಕೈದು ಮಿಲಿಮೀಟರಿಗಿಂತ ದೊಡ್ಡ ಬಿಲ್ಲೆಯಿಂದ ಹೆಚ್ಚಿನ ಲಾಭವಿಲ್ಲ. 56 ಮಿಲಿಮೀಟರ್ ಗಾಜಿನ ಭಾರ ಹೊರುವುದು ಅವರಿಗೆ ಬೇಡ.

ಬಿಲ್ಲೆ ದುಂಡಗಿದೆಯೋ ಇಲ್ಲವೋ ಎಂಬುದನ್ನೂ ಆಗಲೇ ನೋಡಿಬಿಡಿ. ಅಂಚು ಕತ್ತರಿಸಿದಂತೆ ಚೌಕವಾಗಿ, ಬದಿಯಲ್ಲಿ ಬೂದು ನೆರಳಿದ್ದರೆ ಒಳಗಿನ ಪ್ರಿಸಂ ಸಾಧಾರಣ ಗಾಜಿನದು.

ದೊಡ್ಡ ಅಂಕಿಯ ಎರಡನೆಯ ತೊಂದರೆ ಕೈಯದು. ಎಂಥ ಗಟ್ಟಿ ಕೈಯೂ ನಡುಗುತ್ತದೆ. ಚಿಗರಿಯನ್ನು ಇಪ್ಪತ್ತು ಪಟ್ಟು ಹಿಗ್ಗಿಸುವ ಗಾಜು ನಡುಕವನ್ನೂ ಇಪ್ಪತ್ತು ಪಟ್ಟು ಹಿಗ್ಗಿಸುತ್ತದೆ. ಮೂರನೆಯದು ನೋಟದ ಅಗಲ. ಸಾಧಾರಣ 8×42ರಲ್ಲಿ ಏಳೂವರೆ ಡಿಗ್ರಿ ನೋಟವಿದ್ದರೆ 200 ಮೀಟರ್ ಆಚೆ 26 ಮೀಟರ್ ಅಗಲದ ಬಯಲು ಕಾಣುತ್ತದೆ. 20×50ರಲ್ಲಿ ಅದು ಹನ್ನೊಂದು ಹನ್ನೆರಡು ಮೀಟರಿಗೆ ಇಳಿದಿರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಡ್ಡ ಓಡುವ ಚಿಗರಿ ಆ ಸಣ್ಣ ಕಿಟಕಿಯನ್ನು ಒಂದು ಸೆಕೆಂಡಿನೊಳಗೆ ದಾಟಿಬಿಡುತ್ತದೆ. ಅದು ನೆಗೆದ ಚೆಂದ ನೋಡಬೇಕೆಂದು ಹೋದವರು ಬರೀ ಹುಲ್ಲು ನೋಡಿ ಬರುತ್ತಾರೆ.

ನಾಲ್ಕನೆಯ ತೊಂದರೆ ನಮ್ಮ ಎರೆ ಭೂಮಿಯದು, ಹೊರಗಿನ ಪುಸ್ತಕಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಫೆಬ್ರುವರಿ ಕಳೆದ ಮೇಲೆ ಹರಗಿದ ಕಪ್ಪು ಹೊಲದ ಮೇಲೆ ಹತ್ತು ಗಂಟೆಗೆಲ್ಲ ಬಿಸಿಲ್ಗುದುರೆ ಏಳುತ್ತದೆ. ನೆಲಕ್ಕೆ ತಾಗಿದ ಗಾಳಿ ಕಾದು ತೆಳುವಾಗಿ ಮೇಲೇಳುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ. ಬಿಸಿ ಗಾಳಿ ಬೆಳಕನ್ನು ಬಾಗಿಸುವ ಪ್ರಮಾಣ ಬೇರೆ, ತಂಪು ಗಾಳಿ ಬಾಗಿಸುವ ಪ್ರಮಾಣ ಬೇರೆ. ಅರ್ಧ ಕಿಲೋಮೀಟರ್ ಆಚೆಯ ಚಿಗರಿಯಿಂದ ಹೊರಟ ಬೆಳಕು ಇಂಥ ಸಾವಿರಾರು ಗಾಳಿತುಣುಕುಗಳನ್ನು ಹಾದು ಬರುವಷ್ಟರಲ್ಲಿ ಚಿತ್ರ ಕಲಸಿಹೋಗಿರುತ್ತದೆ. ಪ್ರಾಣಿಯ ಕಾಲುಗಳು ನೀರಲ್ಲಿ ಅದ್ದಿದಂತೆ ಅಲುಗುತ್ತವೆ, ಹೊಟ್ಟೆಯ ಬಿಳಿ ನೆಲಕ್ಕೆ ಸುರಿದಂತೆ ಕಾಣುತ್ತದೆ. ಇದನ್ನು ಯಾವ ಬೆಲೆಯ ಗಾಜೂ ಸರಿಪಡಿಸಲಾರದು, ಏಕೆಂದರೆ ಚಿತ್ರ ಕೆಟ್ಟದ್ದು ಗಾಜಿಗೆ ತಲುಪುವ ಮೊದಲೇ. ಪಟ್ಟು ಹೆಚ್ಚಿಸಿದರೆ ಕಲಸಿದ್ದೇ ದೊಡ್ಡದಾಗುತ್ತದೆ. ಸಂಸ್ಕೃತದಲ್ಲಿ ಇದೇ ಬಿಸಿಲ್ಗುದುರೆಗೆ ಮೃಗತೃಷ್ಣೆ ಎಂಬ ಹೆಸರುಂಟು, ಮೃಗದ ಬಾಯಾರಿಕೆ. ಚಿಗರಿ ಮತ್ತು ಬಿಸಿಲ್ಗುದುರೆ ಒಂದೇ ಬಯಲಿನವು ಎಂಬುದನ್ನು ಹಿಂದಿನವರು ಎಷ್ಟು ಚೆನ್ನಾಗಿ ಕಂಡಿದ್ದರು!

ಉಪಾಯ ಸರಳ. ಒಂಬತ್ತು ಗಂಟೆಯೊಳಗೆ ನೋಡಿ ಮುಗಿಸಿ. ಹರಗಿದ ನೆಲದ ಮೇಲಿಂದ ನೋಡುವುದಕ್ಕಿಂತ ಹುಲ್ಲಿನ ಮೇಲಿಂದ ನೋಡಿ. ಬದುವಿನ ಮೇಲೋ ದಿಬ್ಬದ ಮೇಲೋ ನಿಂತರೆ ನೋಟದ ಗೆರೆ ಕಾದ ನೆಲದಿಂದ ಅಷ್ಟು ಮೇಲಕ್ಕೆ ಏರುತ್ತದೆ.

ಹೆಚ್ಚು ಪಟ್ಟು ಎಲ್ಲಿಯೂ ಬೇಡವೇ? ಬೇಕು. ಹಾವೇರಿಯ ಹೆಗ್ಗೇರಿ ಕೆರೆಯ ನಡುನೀರಿನಲ್ಲಿ ತೇಲುವ ಹಕ್ಕಿಯ ಕೊಕ್ಕಿನ ಬಣ್ಣ ತಿಳಿಯಬೇಕಾದರೆ ಮೂರು ಕಾಲಿನ ಸ್ಟ್ಯಾಂಡಿನ ಮೇಲಿಟ್ಟ, ಇಪ್ಪತ್ತರಿಂದ ಅರವತ್ತು ಪಟ್ಟಿನ ಒಂಟಿಗಣ್ಣಿನ ದೂರದರ್ಶಕವೇ ಸರಿ. ಬಂಕಾಪುರ ಕೋಟೆಯೊಳಗಿನ ನವಿಲುಧಾಮದಲ್ಲಿ ನವಿಲು ಹತ್ತಿರದಲ್ಲೇ ಇರುತ್ತದೆ, ಅಲ್ಲಿ ಎಂಟಕ್ಕಿಂತ ಹೆಚ್ಚು ಪಟ್ಟಿನ ಅಗತ್ಯವಿಲ್ಲ. ಮೊದಲ ಬಾರಿ ಕೊಳ್ಳುವವರಿಗೆ 8×42, ಭಾರವೆನಿಸಿದರೆ 8×32. ಪಟ್ಟನ್ನು ಹತ್ತರಿಂದ ಎಪ್ಪತ್ತಕ್ಕೆ ತಿರುಗಿಸಬಹುದು ಎಂದು ಹೇಳಿ ಮಾರುವ ಅಗ್ಗದ ಜೂಮ್ ದುರ್ಬೀನಿನ ಹತ್ತಿರ ಹೋಗಬೇಡಿ.

ಜಾತ್ರೆಯಲ್ಲಿ, ರಸ್ತೆಬದಿಯಲ್ಲಿ ಮಾರುವ ಕೆಂಪು ಗಾಜಿನ ದುರ್ಬೀನಿನ ವಿಷಯ ಬ್ಯಾಡಗಿಯವರಿಗೆ ಬಿಡಿಸಿ ಹೇಳಲೇಬೇಕು. ಕೆಂಪು ಎಂದರೆ ಒಳ್ಳೆಯ ಮಾಲು ಎಂದು ನಂಬುವ ಹಕ್ಕು ಆ ಊರಿಗಿದೆ. ಅಲ್ಲಿಯ ಡಬ್ಬಿ, ಕಡ್ಡಿ ಮೆಣಸಿನಕಾಯಿಗಳು ಖಾರಕ್ಕಿಂತ ಬಣ್ಣಕ್ಕೇ ಹೆಸರಾದವು. ಗಾಜಿನ ಮಾತು ಬೇರೆ. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ತನಗೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲು ಹಿಂದಕ್ಕೆ ಎಸೆಯುತ್ತದೆ. ಇಂಥ ಹತ್ತು ಮೈಗಳನ್ನು ಹಾಯುವಷ್ಟರಲ್ಲಿ ಮೂರನೇ ಒಂದು ಪಾಲು ಬೆಳಕು ಹೋಗಿರುತ್ತದೆ. ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಕಂಡುಹಿಡಿದ ತೆಳು ಲೇಪನ ಈ ನಷ್ಟವನ್ನು ತಡೆಯಿತು. ಒಳ್ಳೆಯ ಲೇಪನದ ಗಾಜನ್ನು ಓರೆಯಾಗಿ ನೋಡಿದರೆ ಮಂಕಾದ ಹಸಿರು ಇಲ್ಲವೇ ನೇರಳೆ ಛಾಯೆ ಕಾಣುತ್ತದೆ, ಗಾಜು ಕತ್ತಲೆಯ ಬಾವಿಯಂತೆ ಇರುತ್ತದೆ. ಕಡುಗೆಂಪಾಗಿ ಹೊಳೆಯುವ ಗಾಜು ಕೆಂಪು ಬೆಳಕನ್ನು ಹೊರಗೆ ಎಸೆಯುತ್ತಿದೆ. ಹೊರಗೆ ಹೋದದ್ದು ನಿಮ್ಮ ಕಣ್ಣಿಗೆ ಬರುವುದಿಲ್ಲ. ಅಂಥದ್ದರಲ್ಲಿ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಯನ್ನೇ ನೋಡಿ, ಕೆಂಪು ಸತ್ತು ಚಿತ್ರವೆಲ್ಲ ಹಸಿರು ನೀಲಿಗೆ ತಿರುಗಿರುತ್ತದೆ.

ಒಳ್ಳೆಯ ದುರ್ಬೀನು ಕೊಂಡ ಮೇಲೂ ಹತ್ತರಲ್ಲಿ ಎಂಟು ಮಂದಿ ಎಡವುವುದು ಹೊಂದಿಸುವಲ್ಲಿ. ಸಿನಿಮಾದಲ್ಲಿ ದುರ್ಬೀನಿನ ನೋಟವನ್ನು ಒಂದಕ್ಕೊಂದು ಅಂಟಿದ ಎರಡು ವೃತ್ತಗಳಾಗಿ ತೋರಿಸುತ್ತಾರೆ. ನಿಮಗೂ ಹಾಗೆ ಕಂಡರೆ ದುರ್ಬೀನು ಹೊಂದಿಲ್ಲ ಎಂದರ್ಥ. ನಡುವಿನ ಕೀಲನ್ನು ಮಡಿಸುತ್ತಾ ಹೋಗಿ, ಒಂದೇ ದುಂಡು ನೋಟ ಬಂದಾಗ ನಿಲ್ಲಿಸಿ. ಆಮೇಲೆ ಬಲಗಡೆಯ ಮುಂಗಾಜನ್ನು ಅಂಗೈಯಿಂದ ಮುಚ್ಚಿ, ಎರಡೂ ಕಣ್ಣು ತೆರೆದೇ ಇಟ್ಟು, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಡೆ ಮುಚ್ಚಿ. ಚಕ್ರ ಮುಟ್ಟಬೇಡಿ. ಬಲಗಣ್ಣಿನ ಬಳಿ ಇರುವ ಸಣ್ಣ ಬಳೆಯನ್ನು ಮಾತ್ರ ತಿರುಗಿಸಿ, ಅದೇ ವಸ್ತುವನ್ನು ಸ್ಪಷ್ಟ ಮಾಡಿಕೊಳ್ಳಿ. ನಮ್ಮ ಎರಡು ಕಣ್ಣುಗಳ ವ್ಯತ್ಯಾಸವನ್ನು ಸರಿದೂಗಿಸುವುದು ಆ ಬಳೆ. ಒಮ್ಮೆ ಹೊಂದಿಸಿದರೆ ಮತ್ತೆ ಮುಟ್ಟುವ ಅಗತ್ಯವಿಲ್ಲ. ತಲೆನೋವು ಬರುತ್ತದೆಂದು ದುರ್ಬೀನು ಮೂಲೆಗಿಟ್ಟವರಿಗೆ ಈ ಬಳೆ ತಿರುಗಿಸಿ ಕೊಟ್ಟಾಗ ಅವರ ಮುಖ ಅರಳುವುದನ್ನು ನೋಡಬೇಕು! ಕನ್ನಡಕ ಹಾಕುವವರು ಕಣ್ಣಿನ ಸುತ್ತಲಿನ ರಬ್ಬರನ್ನು ಒಳಗೆ ತಳ್ಳಿ ನೋಡಲಿ, ಕೊಳ್ಳುವಾಗ ಗಾಜಿನಿಂದ ಕಣ್ಣು ಕನಿಷ್ಠ 15 ಮಿಲಿಮೀಟರ್ ದೂರವಿದ್ದರೂ ಪೂರ್ತಿ ನೋಟ ಸಿಗುವಂಥದ್ದನ್ನು ಆರಿಸಲಿ.

ಬಂದೂಕಿನ ಮೇಲೆ, ಅಡ್ಡಬಿಲ್ಲಿನ ಮೇಲೆ ಕೂರಿಸುವ ಸ್ಕೋಪುಗಳ ಬಗ್ಗೆಯೂ ಹುಡುಗರು ಕೇಳುತ್ತಾರೆ. ಅವು ಇದೇ ಕುಲದವು. 3-9×40 ಎಂದರೆ ಪಟ್ಟು ಮೂರರಿಂದ ಒಂಬತ್ತು, ಮುಂಗಾಜು 40 ಮಿಲಿಮೀಟರ್. ಒದೆತಕ್ಕೆ ಕಣ್ಣಿಗೆ ಪೆಟ್ಟಾಗದಿರಲೆಂದು ಕಣ್ಣನ್ನು ಎಂಟು ಹತ್ತು ಸೆಂಟಿಮೀಟರ್ ಹಿಂದೆ ಇಡುವಂತೆ ಮಾಡಿರುತ್ತಾರೆ. ಒಳಗೊಂದು ಕೂಡುಗೆರೆ ಇರುತ್ತದೆ. ಆ ಗೆರೆಯೂ ಚಿತ್ರವೂ ಒಂದೇ ಸಮತಲದಲ್ಲಿ ಬೀಳದಿದ್ದರೆ ಕಣ್ಣು ಸರಿದಂತೆ ಗೆರೆಯೂ ಗುರಿಯಿಂದ ಸರಿಯುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ನೋಡಿದರೆ ವೇಗದ ಮುಳ್ಳು ಬೇರೆ ಅಂಕಿಯ ಮೇಲೆ ಕಾಣುತ್ತದಲ್ಲ, ಅದೇ ದೋಷ. ಅಡ್ಡಬಿಲ್ಲಿನ ಬಾಣ ಬೇಗ ಕೆಳಗಿಳಿಯುವುದರಿಂದ ಅದರ ಸ್ಕೋಪಿನಲ್ಲಿ ಒಂದರ ಕೆಳಗೊಂದು ಗೆರೆಗಳಿರುತ್ತವೆ. ವಿದ್ಯೆಯಾಗಿ ಇಷ್ಟು ತಿಳಿದಿರಲಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಕೃಷ್ಣಮೃಗ ಅದರ ಮೊದಲ ಪರಿಚ್ಛೇದದಲ್ಲಿದೆ, ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯಕ್ಕೆ ಕಾಲಿಡುವುದೇ ಅಪರಾಧ. ಆಯುಧದ ಮೇಲಿನ ಸ್ಕೋಪಿನಿಂದ ಏನನ್ನೇ ನೋಡಿದರೂ ನಳಿಗೆ ಅದರ ಕಡೆಗೇ ತಿರುಗಿರುತ್ತದೆ. ನೋಡುವ ಆಸೆಯಿದ್ದವರಿಗೆ ಅದು ಸಲ್ಲದು.

1974ರಲ್ಲಿ ಘೋಷಿಸಿದ, 119 ಚದರ ಕಿಲೋಮೀಟರಿನ ಈ ಅಭಯಾರಣ್ಯದಲ್ಲಿ ಎರೆಭೂತ ಹಕ್ಕಿಯೂ ಓಡಾಡುತ್ತಿತ್ತು. ಹುಲ್ಲುಬಯಲಿಗೆ ನೀಲಗಿರಿ ನೆಟ್ಟು ಮರ ಬೆಳೆದು ನೋಟ ಮುಚ್ಚಿತು, ಬಯಲನ್ನೇ ನಂಬಿದ್ದ ಆ ಹಕ್ಕಿ ಈಗ ಇಲ್ಲಿ ಕಾಣುವುದಿಲ್ಲ. ಚಿಗರಿ ಇನ್ನೂ ಇದೆ. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸಿಗೆ ಹೆಸರು ಕೊಟ್ಟ ಪ್ರಾಣಿಯನ್ನು ಒಂದು ಬೆಳಗ್ಗೆಯಾದರೂ ಅದರ ನೆಲದಲ್ಲಿ ಕಾಣಬೇಡವೇ? ಹಿಂಡಿನಲ್ಲಿ ಕಪ್ಪು ಗಂಡು ಎಷ್ಟು, ಕಂದು ಹೆಣ್ಣು ಎಷ್ಟು, ಮರಿ ಎಷ್ಟು ಎಂದು ತಾರೀಖು ಹಾಕಿ ಬರೆದಿಡಿ. ಒಂದೇ ಬದುವಿನಿಂದ ವರ್ಷವಿಡೀ ಬರೆದರೆ ಅದು ಅಧ್ಯಯನವೇ ಆಗುತ್ತದೆ.

ದುರ್ಬೀನು ಕೊಳ್ಳುವ ಶಕ್ತಿ ಇಲ್ಲದ ಮಕ್ಕಳು ಕನ್ನಡಕದ ಅಂಗಡಿಯಲ್ಲಿ +2 ಪವರಿನ ಒಂದು ಗಾಜು ಕೇಳಿ ಪಡೆಯಲಿ, ಅದರ ಸಂಗಮದೂರ 50 ಸೆಂಟಿಮೀಟರ್. ಐದು ಸೆಂಟಿಮೀಟರ್ ಸಂಗಮದೂರದ ಒಂದು ಭೂತಕನ್ನಡಿ ಇರಲಿ. ಎರಡನ್ನೂ ರಟ್ಟಿನ ಕೊಳವೆಯ ಎರಡು ತುದಿಗೆ 55 ಸೆಂಟಿಮೀಟರ್ ಅಂತರದಲ್ಲಿ ಕೂರಿಸಿ, ಮುಂಗಾಜಿನ ಮುಂದೆ ಎರಡು ಸೆಂಟಿಮೀಟರ್ ತೂತಿನ ರಟ್ಟು ಅಂಟಿಸಿ. ಐವತ್ತನ್ನು ಐದರಿಂದ ಭಾಗಿಸಿದರೆ ಹತ್ತು, ಅಷ್ಟೇ ಪಟ್ಟು. ಕಿಟಕಿಯ ಚೌಕಟ್ಟಿಗೆ ಕೊಳವೆ ಆನಿಸಿ, ಅರ್ಧ ಚಂದ್ರನಿದ್ದ ರಾತ್ರಿ ನೋಡಿ. ಚಿತ್ರ ತಲೆಕೆಳಗಾಗಿರುತ್ತದೆ, ಅಂಚಿನಲ್ಲಿ ಬಣ್ಣ ಒಡೆದಿರುತ್ತದೆ, ಬೆಳಕು ಕತ್ತಲು ಸೇರುವ ಗೆರೆಯ ಮೇಲೆ ಚಂದ್ರನ ಕುಳಿಗಳು ಕಾಣುತ್ತವೆ.